ಮೆಚ್ಚುಗೆ ಎಲ್ಲಿ ನಾಟುತ್ತದೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಒಣಗಿದ ಅಡಿಕೆ ಸುಲಿಯುವ ಕೆಲಸ ಹೆಚ್ಚಾಗಿ ಜಗಲಿಯಲ್ಲಿ ನಡೆಯುತ್ತದೆ, ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ತೂಕದ ಹೊತ್ತಿಗೆ ಮನೆಯ ಯಜಮಾನರು ಬಂದು "ಎಲ್ಲರೂ ಒಳ್ಳೆ ಕೆಲಸ ಮಾಡಿದ್ದೀರಿ" ಎಂದು ಹೇಳಿ ಹೋದರೆ ಕತ್ತಿ ಹಿಡಿದವರು ಯಾರೂ ತಲೆ ಎತ್ತುವುದಿಲ್ಲ. ಅದೇ ಜಗಲಿಯ ಮೂಲೆಯಲ್ಲಿ ಕುಳಿತು ಪಟೋರ, ಕೋಕ ಎಂಬ ಕಡಿಮೆ ದರ್ಜೆಯ ಅಡಿಕೆಗಳನ್ನು ಬೇರೆ ಮಾಡುತ್ತಿರುವ ಹಿರಿಯ ಹೆಂಗಸು, ಕೆಲಸಕ್ಕೆ ಹೊಸದಾಗಿ ಬಂದ ಹುಡುಗನ ಬುಟ್ಟಿಗೆ ಕೈ ಹಾಕಿ, ಒಂದು ಹಿಡಿ ಅಡಿಕೆಯನ್ನು ತಿರುವಿ ನೋಡಿ, "ಇವತ್ತು ನಿನ್ನದರಲ್ಲಿ ಕತ್ತಿ ತಾಗಿದ್ದು ಒಂದೂ ಕಾಣುವುದಿಲ್ಲ ಮಾರಾಯ" ಎಂದರೆ, ಆ ಹುಡುಗ ಮರುದಿನ ಬುಟ್ಟಿ ತುಂಬಿದಾಗಲೆಲ್ಲ ತಾನೇ ಒಮ್ಮೆ ಕೈಯಾಡಿಸಿ ನೋಡಿಕೊಳ್ಳುತ್ತಾನೆ.

ಎರಡನೆಯ ಮಾತಿನಲ್ಲಿ ಹೊಗಳಿಕೆಯ ಶಬ್ದವೇ ಇಲ್ಲ. ಅದು ಕಂಡದ್ದನ್ನು ಕಂಡ ಹಾಗೆ ಹೇಳಿದ ಒಂದು ವರದಿ. ಆದರೂ ಅದು ಮೂರು ಸಂಗತಿಗಳನ್ನು ಒಟ್ಟಿಗೆ ತಿಳಿಸುತ್ತದೆ: ನಿನ್ನ ಕೆಲಸವನ್ನು ಯಾರೋ ನಿಜವಾಗಿ ನೋಡಿದ್ದಾರೆ, ಈ ಕೆಲಸದಲ್ಲಿ ಮುಖ್ಯವಾದದ್ದು ಅಡಿಕೆಗೆ ಕತ್ತಿ ತಾಗದಿರುವುದು, ಮತ್ತು ಅದು ನಿನ್ನಿಂದ ಸಾಧ್ಯವಾಗಿದೆ. ಯಜಮಾನರ ಮಾತು ಇದಕ್ಕಿಂತ ಸಿಹಿಯಾಗಿಯೇ ಇತ್ತು, ಆದರೆ ಅದನ್ನು ಹೇಳಲು ಅವರು ಜಗಲಿಗೆ ಬರಬೇಕಾಗಿಯೂ ಇರಲಿಲ್ಲ. ಮೆಚ್ಚುಗೆ ಪ್ರಾಮಾಣಿಕವೋ ಅಲ್ಲವೋ ಎಂಬುದನ್ನು ಕೇಳುವವರು ಅಳೆಯುವುದು ಹೇಳುವವರ ಮುಖಭಾವದಿಂದಲೋ ದನಿಯಿಂದಲೋ ಎಂದು ನಾವು ತಿಳಿದಿರುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅವರು ಮೊದಲು ಅಳೆಯುವುದು ಹೇಳಿದವರು ನೋಡಿದ್ದಾರೆಯೇ ಎಂಬುದನ್ನು. ಮನಶ್ಶಾಸ್ತ್ರದಲ್ಲಿ ನೂರು ವರ್ಷಗಳಿಂದ ನಡೆದ ಪ್ರಯೋಗಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ ಅವುಗಳಲ್ಲಿ ಹೆಚ್ಚಿನವು ಇದೇ ದಿಕ್ಕಿಗೆ ಕೈ ತೋರಿಸುತ್ತವೆ. ತೋರಿಸದ ಒಂದೆರಡು ಪ್ರಯೋಗಗಳೂ ಇವೆ, ಅವನ್ನೂ ಮುಂದೆ ಹೇಳುತ್ತೇನೆ.

ಇಂಥ ಮೆಚ್ಚುಗೆ ಹೇಳಬೇಕಾದ ಮುಂದಾಳು ಎಂದಾಗ ದೊಡ್ಡ ಕಂಪನಿಯ ಮೇಲಧಿಕಾರಿಯೇ ನೆನಪಾಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಇಂದು ಅತಿ ಹೆಚ್ಚು ಮುಂದಾಳುಗಳಿರುವುದು ಬಹುಶಃ ಕುಟುಂಬಶ್ರೀಯಲ್ಲಿ. 1998ರಲ್ಲಿ ಕೇರಳದಲ್ಲಿ ಆರಂಭವಾದ ಈ ಮಹಿಳಾ ಸ್ವಸಹಾಯ ವ್ಯವಸ್ಥೆಯಲ್ಲಿ ಹತ್ತಿಪ್ಪತ್ತು ಮನೆಯ ಹೆಂಗಸರು ಸೇರಿದ ಅಯಲ್ಕೂಟ, ಅದರ ಮೇಲೆ ವಾರ್ಡು ಮಟ್ಟದ ಎ.ಡಿ.ಎಸ್., ಅದರ ಮೇಲೆ ಪಂಚಾಯತು ಮಟ್ಟದ ಸಿ.ಡಿ.ಎಸ್. ಎಂದು ಮೂರು ಹಂತಗಳಿವೆ. ಅಯಲ್ಕೂಟದ ಅಧ್ಯಕ್ಷೆಗೆ ಸಂಬಳ ಏರಿಸುವ ಅಧಿಕಾರವಿಲ್ಲ, ಕೆಲಸದಿಂದ ತೆಗೆಯುವ ಅಧಿಕಾರವೂ ಇಲ್ಲ. ಮನೆ ಮನೆಗೆ ಹೋಗಿ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತ ಕರ್ಮ ಸೇನೆಯ ತಂಡವನ್ನು ನಡೆಸುವವರ ಸ್ಥಿತಿಯೂ ಸುಮಾರಾಗಿ ಅದೇ. ಕೊಡಲು ಹಣವಿಲ್ಲದ, ಹೆದರಿಸಲು ಬೆತ್ತವಿಲ್ಲದ ಮುಂದಾಳಿಗೆ ಉಳಿಯುವ ಸಾಧನ ಮಾತು ಒಂದೇ ಆದ್ದರಿಂದ, ಅದು ಕೆಲಸ ಮಾಡುವ ಬಗೆಯನ್ನು ಅವರು ಉಳಿದವರಿಗಿಂತ ಚೆನ್ನಾಗಿ ತಿಳಿದಿರಬೇಕಾಗುತ್ತದೆ.

ಹಣಕ್ಕೂ ಮಾತಿಗೂ ಇರುವ ವ್ಯತ್ಯಾಸವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗಗಳು ಮೊದಲ ಬಾರಿಗೆ ಸ್ಪಷ್ಟವಾಗಿ ತೋರಿಸಿದವು. ಅವರು ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸಿ ಆಕಾರ ಮಾಡುವ ಒಂದು ಒಗಟನ್ನು ಕೊಟ್ಟರು. ಬಿಡಿಸಿದ ಪ್ರತಿ ಒಗಟಿಗೂ ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ, ಬಿಡುವಿನ ಹೊತ್ತಿನಲ್ಲಿ ಅದರತ್ತ ಕೈ ಚಾಚುವುದನ್ನು ಕಡಿಮೆ ಮಾಡಿದರು. ಹಣದ ಬದಲು ಮೆಚ್ಚುಗೆಯ ಮಾತು ಕೇಳಿದವರಲ್ಲಿ ಆಸಕ್ತಿ ಹಾಗೆ ಇಳಿಯಲಿಲ್ಲ. ಡೆಸಿ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ರಯಾನ್ ಮುಂದೆ ಇದನ್ನು ವಿವರಿಸುತ್ತ, ಯಾವುದೇ ಬಹುಮಾನಕ್ಕೂ ಯಾವುದೇ ಮೆಚ್ಚುಗೆಗೂ ಎರಡು ಮುಖಗಳಿವೆ ಎಂದರು. ಒಂದು ಮುಖ ತಿಳಿಸುತ್ತದೆ: ನಿನ್ನ ಕೈ ಪಳಗಿದೆ, ಇದು ಸರಿಯಾದ ದಾರಿ. ಇನ್ನೊಂದು ಮುಖ ಹಿಡಿತ ಸಾಧಿಸುತ್ತದೆ: ನಾನು ಹೇಳಿದ ಹಾಗೆ ಮಾಡಿದ್ದಕ್ಕೆ ಇದು ನಿನಗೆ, ನಾಳೆಯೂ ಹಾಗೆಯೇ ಮಾಡು. ಮೊದಲನೆಯದು ಕೆಲಸದ ಆಸಕ್ತಿಯನ್ನು ಬೆಳೆಸುತ್ತದೆ, ಎರಡನೆಯದು ಆ ಆಸಕ್ತಿಯನ್ನು ಕೆಲಸದಿಂದ ಕಿತ್ತು ಹೊಗಳುವವರ ಬಾಯಿಗೆ ಕಟ್ಟುತ್ತದೆ.

ಹಲಸಿನ ಹಪ್ಪಳ ಮಾಡುವ ಒಂದು ತಂಡದಲ್ಲಿ "ನಾನು ಹೇಳಿದ ಹಾಗೆಯೇ ಒತ್ತಿದ್ದೀರಿ, ಗುಡ್, ಹೀಗೇ ಇರಬೇಕು" ಎಂಬ ಮಾತನ್ನೂ "ಅಂಚು ತೆಳು ಮಾಡಿದ್ದರಿಂದ ಇವತ್ತಿನ ಹಪ್ಪಳ ಒಂದೇ ಬಿಸಿಲಿಗೆ ಒಣಗಿತಲ್ಲ ಅಕ್ಕ" ಎಂಬ ಮಾತನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಈ ಎರಡು ಮುಖಗಳು ಕಾಣುತ್ತವೆ. ಮೊದಲ ಮಾತು ಆರಂಭವಾಗುವುದೇ ನಾನು ಎಂಬಲ್ಲಿಂದ. ಅದನ್ನು ಕೇಳಿದ ಹೆಂಗಸು ಮುಂದಿನ ಬಾರಿ ಹಪ್ಪಳವನ್ನು ನೋಡುವ ಮೊದಲು ಅಧ್ಯಕ್ಷೆಯ ಮುಖ ನೋಡುತ್ತಾಳೆ.

ಇಷ್ಟು ಹೇಳಿದಾಗ ಅನುಭವಸ್ಥರು ಒಂದು ಆಕ್ಷೇಪ ತೆಗೆಯುತ್ತಾರೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. "ಹೊಗಳಿದರೆ ಕೆಡುತ್ತಾರೆ, ಬೈದರೆ ಸರಿಯಾಗುತ್ತಾರೆ, ನಾವು ಮೂವತ್ತು ವರ್ಷ ಕಣ್ಣಾರೆ ನೋಡಿದ್ದೇವೆ" ಎನ್ನುತ್ತಾರೆ ಹಳೆಯ ಹೆಡ್‌ಮಾಸ್ತರರು, ತೋಟ ಮಾಡಿಸುವವರು, ಯಕ್ಷಗಾನ ಕಲಿಸುವವರು. ಅವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಹಾಗೆ ನೋಡಿದ್ದಾರೆ. ನೋಡಿದ್ದಕ್ಕೆ ಅವರು ಕೊಟ್ಟುಕೊಂಡ ಕಾರಣ ಮಾತ್ರ ತಪ್ಪು.

ಇದನ್ನು ಬಿಡಿಸಿ ಹೇಳಿದವರು ಡೇನಿಯಲ್ ಕಾಹ್ನಮನ್, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞರು. 1960ರ ದಶಕದಲ್ಲಿ ಅವರು ಇಸ್ರೇಲಿನ ವಾಯುಪಡೆಯಲ್ಲಿ ವಿಮಾನ ಹಾರಿಸಲು ಕಲಿಸುವ ತರಬೇತುದಾರರಿಗೆ ಪಾಠ ಮಾಡುತ್ತ, ಶಿಕ್ಷೆಗಿಂತ ಮೆಚ್ಚುಗೆ ಹೆಚ್ಚು ಫಲಕಾರಿ ಎಂದು ವಿವರಿಸುತ್ತಿದ್ದಾಗ ಅನುಭವಿ ತರಬೇತುದಾರರೊಬ್ಬರು ಎದ್ದು ನಿಂತು ಇದೇ ಆಕ್ಷೇಪ ತೆಗೆದರು. ಕಷ್ಟದ ಕಸರತ್ತನ್ನು ಚೆನ್ನಾಗಿ ಮಾಡಿದ ಹುಡುಗರನ್ನು ನಾನು ಹೊಗಳಿದ್ದೇನೆ, ಮುಂದಿನ ಬಾರಿ ಅವರು ಹಿಂದಿನಷ್ಟು ಚೆನ್ನಾಗಿ ಮಾಡುವುದಿಲ್ಲ. ಕೆಟ್ಟದಾಗಿ ಮಾಡಿದವರ ಮೇಲೆ ಕಿರುಚಿದ್ದೇನೆ, ಮುಂದಿನ ಬಾರಿ ಅವರು ಸುಧಾರಿಸುತ್ತಾರೆ ಎಂಬುದು ಅವರ ವಾದವಾಗಿತ್ತು. ಕಾಹ್ನಮನ್ ಅಲ್ಲಿಯೇ ನೆಲದ ಮೇಲೆ ಒಂದು ಗುರುತು ಹಾಕಿ, ಪ್ರತಿಯೊಬ್ಬರಿಗೂ ಬೆನ್ನು ತಿರುಗಿಸಿ ನಿಂತು ಎರಡು ಬಾರಿ ನಾಣ್ಯ ಎಸೆಯಲು ಹೇಳಿದರು. ಮೊದಲ ಎಸೆತ ಗುರುತಿನ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರ ಎರಡನೆಯ ಎಸೆತ ದೂರ ಬಿತ್ತು, ಮೊದಲು ದೂರ ಬಿದ್ದವರಲ್ಲಿ ಹೆಚ್ಚಿನವರದು ಹತ್ತಿರ ಬಂತು. ಅಲ್ಲಿ ಯಾರನ್ನೂ ಯಾರೂ ಹೊಗಳಿರಲಿಲ್ಲ, ಬೈದೂ ಇರಲಿಲ್ಲ.

ಮನೆಯಲ್ಲಿಯೂ ಇದನ್ನು ಮಾಡಿ ನೋಡಬಹುದು. ಹತ್ತು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಸರಾಸರಿ ಐದು ತಲೆ ಮೇಲಾಗಿ ಬೀಳುತ್ತವೆ. ಎಂಟೋ ಅದಕ್ಕಿಂತ ಹೆಚ್ಚೋ ಬೀಳುವುದು ಅಪರೂಪ, ಒಟ್ಟು 1,024 ಸಾಧ್ಯತೆಗಳಲ್ಲಿ 56 ಮಾತ್ರ. ಹಾಗೆ ಬಿದ್ದವರಿಗೆ "ಭೇಷ್" ಎಂದು ಹೇಳಿ ಮತ್ತೊಮ್ಮೆ ಚಿಮ್ಮಲು ಕೊಟ್ಟರೆ, ನೂರರಲ್ಲಿ ಸುಮಾರು 95 ಸಲ ಅವರು ಎಂಟಕ್ಕಿಂತ ಕೆಳಗೆ ಇಳಿಯುತ್ತಾರೆ. ಎರಡೋ ಅದಕ್ಕಿಂತ ಕಡಿಮೆಯೋ ಬಿದ್ದವರನ್ನು ಗದರಿಸಿದರೆ ಅಷ್ಟೇ ಸಲ ಅವರು ಮೇಲೇರುತ್ತಾರೆ. ಮಾತಿಗೂ ನಾಣ್ಯಕ್ಕೂ ಸಂಬಂಧವಿಲ್ಲ, ಆದರೂ ಬೈದವರಿಗೆ ತಮ್ಮ ಬೈಗುಳ ಫಲಿಸಿತೆಂದು ಕಾಣುತ್ತದೆ. ಯಾವ ಕೆಲಸದಲ್ಲಿ ಕೌಶಲದ ಜೊತೆ ಸ್ವಲ್ಪವಾದರೂ ಅದೃಷ್ಟ ಬೆರೆತಿದೆಯೋ ಅಲ್ಲೆಲ್ಲ ಅತಿ ಒಳ್ಳೆಯ ದಿನದ ಮರುದಿನ ಸಾಧಾರಣವಾಗಿರುತ್ತದೆ, ಅತಿ ಕೆಟ್ಟ ದಿನದ ಮರುದಿನವೂ ಸಾಧಾರಣವಾಗಿಯೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಗುರುತಿಸಿದ ಈ ನಿಯಮವನ್ನು ಸಂಖ್ಯಾಶಾಸ್ತ್ರದವರು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ನಾವು ಹೊಗಳುವುದು ಅತಿ ಒಳ್ಳೆಯ ದಿನದಂದು, ಬೈಯುವುದು ಅತಿ ಕೆಟ್ಟ ದಿನದಂದು. ಆದ್ದರಿಂದ ಬದುಕಿಡೀ ಹೊಗಳಿದ್ದಕ್ಕೆ ನಷ್ಟವನ್ನೂ ಬೈದದ್ದಕ್ಕೆ ಲಾಭವನ್ನೂ ಕಾಣುವ ಹಾಗೆ ಲೆಕ್ಕವೇ ನಮ್ಮನ್ನು ಏಮಾರಿಸುತ್ತದೆ. ಕಟುಮಾತಿನ ಮುಂದಾಳುಗಳು ಇಷ್ಟೊಂದು ಇರುವುದಕ್ಕೆ ಕ್ರೂರ ಸ್ವಭಾವಕ್ಕಿಂತ ಈ ಏಮಾರಿಕೆಯೇ ಹೆಚ್ಚು ಕಾರಣವಿರಬಹುದು ಎಂದು ನನಗೆ ಅನಿಸುತ್ತದೆ.

ಹೊಗಳಿಸಿಕೊಂಡವರು, ಬೈಸಿಕೊಂಡವರು, ಯಾರ ಗಮನಕ್ಕೂ ಬಾರದವರು ಎಂದು ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಿ ಕೆಲವು ದಿನ ಲೆಕ್ಕ ಮಾಡಿಸಿದ ಎಲಿಜಬೆತ್ ಹರ್ಲಾಕ್ ಅವರ ಪ್ರಯೋಗ 1925ರಷ್ಟು ಹಳೆಯದು. ಬೈಗುಳವೂ ಮೊದಮೊದಲು ಫಲ ಕೊಟ್ಟಿತು, ಆಮೇಲೆ ಇಳಿಯಿತು. ಮೆಚ್ಚುಗೆ ಕೇಳಿದವರ ಏರಿಕೆ ಮುಂದುವರಿಯಿತು. ಅದೇ ಕೋಣೆಯಲ್ಲಿ ಕುಳಿತು ಇನ್ನೊಬ್ಬರ ಹೊಗಳಿಕೆಯನ್ನೂ ಬೈಗುಳವನ್ನೂ ಕೇಳಿಸಿಕೊಳ್ಳುತ್ತ, ತಮ್ಮ ಬಗ್ಗೆ ಒಂದು ಮಾತೂ ಕೇಳದ ಮಕ್ಕಳು ಈ ಎರಡೂ ಗುಂಪಿನವರಿಗಿಂತ ಹಿಂದೆ ಉಳಿದರು.

ಹಾಗಾದರೆ ಹೊಗಳಿದಷ್ಟೂ ಒಳ್ಳೆಯದೇ? ಅಲ್ಲ. ಅವ್ರಹಾಂ ಕ್ಲೂಗರ್ ಮತ್ತು ಏಂಜಲೋ ಡಿನೀಸಿ 1996ರಲ್ಲಿ ಕೆಲಸ ಹೇಗಿದೆಯೆಂದು ಮಾಡಿದವರಿಗೆ ತಿಳಿಸುವ ಕುರಿತ ನೂರಾರು ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದಾಗ, ಸರಾಸರಿಯಲ್ಲಿ ಲಾಭ ಕಂಡರೂ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅವರು ಕಂಡುಕೊಂಡ ವಿವರಣೆ ಹೀಗಿದೆ: ಮಾತು ಕೇಳುವವರ ಗಮನವನ್ನು ಕೆಲಸದ ಮೇಲೆ ನಿಲ್ಲಿಸಿದರೆ ಕೆಲಸ ಸುಧಾರಿಸುತ್ತದೆ, ಅದೇ ಗಮನವನ್ನು ಕೆಲಸದಿಂದ ಎತ್ತಿ "ನಾನು ಎಂಥವನು" ಎಂಬುದರ ಮೇಲೆ ಇಟ್ಟರೆ, ಆ ಮಾತು ಹೊಗಳಿಕೆಯಾಗಿರಲಿ ಬೈಗುಳವಾಗಿರಲಿ, ಅದರ ಫಲ ತಗ್ಗುತ್ತದೆ. ತಮ್ಮವರೇ ಒಲಿದು ಹೊಗಳಿ ಹೊಗಳಿ ತಮ್ಮನ್ನು ಹೊನ್ನಶೂಲಕ್ಕೆ ಏರಿಸಿದರೆಂದು ಬಸವಣ್ಣನವರು ನೊಂದು ಹೇಳಿದ್ದು ಕನ್ನಡದವರಿಗೆ ಗೊತ್ತೇ ಇದೆ. ಚಿನ್ನದ್ದಾದರೂ ಶೂಲ ಶೂಲವೇ ಎಂಬ ಆ ಅನುಭವಕ್ಕೂ ಈ ಅಂಕಿಸಂಖ್ಯೆಗೂ ನಡುವೆ ದೂರ ಬಹಳವಿಲ್ಲ.

ನಮ್ಮ ಶಾಲೆಗಳಲ್ಲಿ ಇದು ದಿನಾ ನಡೆಯುತ್ತದೆ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ; ಕಾಸರಗೋಡು, ಮಂಜೇಶ್ವರ, ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ವರ್ಷದ ದೊಡ್ಡ ಸಂಭ್ರಮ. ಅಭ್ಯಾಸದಲ್ಲಿ ಚೆನ್ನಾಗಿ ಕುಣಿದ ಹುಡುಗಿಗೆ "ನಿನಗೆ ತಾಳ ಹುಟ್ಟಿನಿಂದಲೇ ಬಂದಿದೆ" ಎಂದು ಕಲಿಸುವವರು ಪ್ರೀತಿಯಿಂದಲೇ ಹೇಳುತ್ತಾರೆ. ಮರುವಾರ ತಾಳ ತಪ್ಪಿದಾಗ ಅವಳಿಗೆ ಆ ಮಾತೇ ಭಾರವಾಗುತ್ತದೆ, ಏಕೆಂದರೆ ಹುಟ್ಟಿನಿಂದ ಬಂದದ್ದು ಈಗ ಇಲ್ಲವೆಂದರೆ ಅದು ಮೊದಲೂ ಇರಲಿಲ್ಲವೇನೋ ಎಂಬ ಅನುಮಾನ ಹುಟ್ಟುತ್ತದೆ. "ಧಿಂಗಿಣ ಮುಗಿದ ಮೇಲೆ ಒಂದು ಉಸಿರು ತೆಗೆದುಕೊಂಡು ನಿಂತೆಯಲ್ಲ, ಅದರಿಂದ ಅರ್ಥದ ಮೊದಲ ವಾಕ್ಯ ಹಿಂದಿನ ಸಾಲಿನವರೆಗೆ ಕೇಳಿಸಿತು" ಎಂಬ ಮಾತು ತಾಳ ತಪ್ಪಿದ ದಿನವೂ ಅವಳ ಕೈಯಲ್ಲಿ ಉಳಿಯುತ್ತದೆ. ಉಸಿರು ತೆಗೆದುಕೊಳ್ಳುವುದು ಅವಳಿಂದ ಆಗುವ ಕೆಲಸ.

1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಕೆಲವು ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ ನೀನು ಬುದ್ಧಿವಂತ ಎಂದೂ ಕೆಲವರಿಗೆ ನೀನು ಚೆನ್ನಾಗಿ ಶ್ರಮಪಟ್ಟಿದ್ದೀ ಎಂದೂ ಒಂದೇ ಒಂದು ವಾಕ್ಯ ಹೇಳಲಾಯಿತು. ಅನಂತರ ಎಲ್ಲರಿಗೂ ಸೋಲುವಷ್ಟು ಕಷ್ಟದ ಒಗಟುಗಳು, ಕೊನೆಯಲ್ಲಿ ಮೊದಲಿನಷ್ಟೇ ಸುಲಭದವು. ಸೋಲಿನ ನಂತರ ಬುದ್ಧಿವಂತರೆನಿಸಿಕೊಂಡವರು ಮೊದಲಿಗಿಂತ ಕೆಳಗಿಳಿದರು, ಶ್ರಮಕ್ಕೆ ಮೆಚ್ಚುಗೆ ಪಡೆದವರು ಮೇಲೇರಿದರು. ಬೇರೆ ಶಾಲೆಯ ಅಪರಿಚಿತ ಮಗುವಿಗೆ ನಿಮ್ಮ ಅಂಕ ಬರೆದು ತಿಳಿಸಿ ಎಂದಾಗ ಬುದ್ಧಿವಂತರೆನಿಸಿಕೊಂಡವರಲ್ಲಿ ಸುಮಾರು ಶೇ. 38ರಷ್ಟು ಮಕ್ಕಳು ಅಂಕವನ್ನು ಹೆಚ್ಚಿಸಿ ಬರೆದರು. ಶ್ರಮದ ಗುಂಪಿನಲ್ಲಿ ಹಾಗೆ ಬರೆದವರು ಶೇ. 13ರ ಆಸುಪಾಸು. ಒಂದೇ ವಾಕ್ಯಕ್ಕೆ ಇಷ್ಟು ಬಲವಿದೆಯೇ ಎಂದು ಬೆರಗಾಗುವವರು ಇನ್ನೊಂದನ್ನೂ ತಿಳಿದಿರಬೇಕು: ಇದೇ ಚಿಂತನೆಯಿಂದ ಹುಟ್ಟಿದ, ಬುದ್ಧಿ ಬೆಳೆಯಬಲ್ಲದು ಎಂಬ ಮನೋಭಾವ ಕಲಿಸುವ ಶಾಲಾ ಕಾರ್ಯಕ್ರಮಗಳನ್ನು ಮುಂದೆ ಸಾವಿರಾರು ಮಕ್ಕಳ ಮೇಲೆ ಪರೀಕ್ಷಿಸಿದಾಗ ಕಂಡ ಪರಿಣಾಮ ಸಣ್ಣದು. ಶ್ರಮ ಎಂಬ ಪದವನ್ನು ಮಂತ್ರದ ಹಾಗೆ ಜಪಿಸಿದರೆ ಸಾಲದು, ಮಗು ಯಾವ ಶ್ರಮ ಮಾಡಿತು ಎಂಬುದನ್ನು ಕಂಡಿರಬೇಕು.

ಸುಲಭದ ಕೆಲಸಕ್ಕೆ ಅತಿಯಾಗಿ ಹೊಗಳಿದರೆ ಆಗುವ ಅಪಾಯ ಬೇರೆ ಬಗೆಯದು. ಅತಿ ಸುಲಭದ ಕೆಲಸಕ್ಕೆ ಹೊಗಳಿಸಿಕೊಂಡ ದೊಡ್ಡವರು ಅದರಿಂದ "ನನ್ನಿಂದ ಇವರು ನಿರೀಕ್ಷಿಸಿದ್ದೇ ಇಷ್ಟು" ಎಂಬ ಅರ್ಥವನ್ನು ಹೊರಡಿಸುತ್ತಾರೆ ಎಂಬುದನ್ನು ಜರ್ಮನಿಯ ವುಲ್ಫ್-ಊವೆ ಮೇಯರ್ ತೋರಿಸಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹೆಂಗಸೊಬ್ಬಳು ಹಾಜರಿ ಪುಸ್ತಕದಲ್ಲಿ ಹೆಸರು ಬರೆದದ್ದಕ್ಕೆ "ಎಷ್ಟು ಚಂದ ಬರೆದಿರಿ" ಎಂದು ಸಭೆಯಲ್ಲಿ ಹೇಳಿದರೆ ಅವಳಿಗೆ ಅವಮಾನವೇ ಆಗುತ್ತದೆ. ನೆದರ್ಲೆಂಡ್ಸಿನ ಎಡ್ಡಿ ಬ್ರುಮಲ್ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ತಮಗೇ ವಿಶ್ವಾಸ ಕಡಿಮೆಯಿದ್ದ ಮಕ್ಕಳು ಉತ್ಪ್ರೇಕ್ಷೆಯ ಹೊಗಳಿಕೆ ಕೇಳಿದ ಮೇಲೆ ಕಷ್ಟದ ಕೆಲಸದಿಂದ ಹಿಂದೆ ಸರಿದರು. ವಿಚಿತ್ರವೆಂದರೆ ದೊಡ್ಡವರು ಉತ್ಪ್ರೇಕ್ಷೆ ಮಾಡುತ್ತಿದ್ದದ್ದೂ ಅಂಥ ಮಕ್ಕಳ ಎದುರಿನಲ್ಲಿಯೇ ಹೆಚ್ಚು. ಕುಗ್ಗಿದವರನ್ನು ಎತ್ತಬೇಕೆಂಬ ಕರುಣೆಯೇ ಅವರ ತಲೆಯ ಮೇಲೆ ಇನ್ನೊಂದು ಹೊರೆ ಇಡುತ್ತದೆ.

ಇಲ್ಲಿ ನಮ್ಮೂರಿನ ಒಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಕೆಲಸ ಮಾಡುವಾಗ ಯಾರನ್ನೂ ಇದಿರಿನಲ್ಲಿ ಹೊಗಳುವ ರೂಢಿ ನಮ್ಮಲ್ಲಿಲ್ಲ. ಹೊಗಳಿದರೆ ದೃಷ್ಟಿ ತಾಗುತ್ತದೆ, ಮಕ್ಕಳು ಉಬ್ಬುತ್ತಾರೆ, ದೊಡ್ಡವರು ಮುಖಸ್ತುತಿ ಎಂದು ತಿಳಿಯುತ್ತಾರೆ. ಔತಣದ ಅಡುಗೆ ಎಷ್ಟೇ ಸೊಗಸಾಗಿದ್ದರೂ ಹಿರಿಯರ ಬಾಯಲ್ಲಿ ಬರುವುದು "ಅಡ್ಡಿಲ್ಲ" ಎಂಬ ಮೂರೇ ಅಕ್ಷರ. ಆದರೆ ಅದೇ ನಾವು, ಮೂವತ್ತು ವರ್ಷ ದುಡಿದವರು ನಿವೃತ್ತರಾಗುವ ದಿನ ಶಾಲು, ಹಾರ, ಫಲತಾಂಬೂಲ, ಚೌಕಟ್ಟು ಹಾಕಿಸಿದ ಮಾನಪತ್ರ ಎಲ್ಲವನ್ನೂ ಒಂದೇ ಸಂಜೆಯಲ್ಲಿ ಹೇರುತ್ತೇವೆ. ಮಾನಪತ್ರದಲ್ಲಿ ಅಜಾತಶತ್ರು, ನಿಸ್ವಾರ್ಥ ಸೇವಕ, ಬಹುಮುಖ ಪ್ರತಿಭೆ ಎಂಬ ವಿಶೇಷಣಗಳು ಸಾಲಾಗಿ ನಿಂತಿರುತ್ತವೆ. ಹೆಸರೊಂದನ್ನು ಬದಲಿಸಿದರೆ ಮುಂದಿನ ವರ್ಷದವರಿಗೂ ಅದೇ ಆಗುತ್ತದೆ. ಸನ್ಮಾನಕ್ಕೆ ಅದರದೇ ಸ್ಥಾನವಿದೆ, ಅದು ಕೃತಜ್ಞತೆಯ ಆಚರಣೆ. ಕೆಲಸವನ್ನು ತಿದ್ದುವ, ಬೆಳೆಸುವ ಮೆಚ್ಚುಗೆ ಮಾತ್ರ ಅದಾಗಲಾರದು, ಏಕೆಂದರೆ ಅದನ್ನು ಕೇಳಿಸಿಕೊಂಡು ಬಳಸಬೇಕಾದವರು ನಾಳೆಯಿಂದ ಕೆಲಸಕ್ಕೆ ಬರುವುದಿಲ್ಲ.

ಮಾತಿಲ್ಲದೆ ಮೆಚ್ಚುವ ಬಗೆ ನಮ್ಮಲ್ಲಿ ಇತ್ತೆಂಬುದನ್ನೂ ಹೇಳಬೇಕು. ಭಾಗವತನನ್ನು ಯಕ್ಷಗಾನದ ಮೊದಲನೆಯ ವೇಷಧಾರಿ ಎನ್ನುತ್ತಾರೆ. ಇಡೀ ಆಟದ ಮುಂದಾಳು ಅವನೇ. ಮೇಳಕ್ಕೆ ಸೇರಿದ ಹುಡುಗ ಪೂರ್ವರಂಗದ ಕೋಡಂಗಿಯಿಂದ ಬಾಲಗೋಪಾಲಕ್ಕೆ, ಅಲ್ಲಿಂದ ಸ್ತ್ರೀವೇಷಕ್ಕೆ, ಕ್ರಮೇಣ ಪ್ರಸಂಗದ ಪಾತ್ರಗಳಿಗೆ ಏರುವ ಕ್ರಮವಿತ್ತು. ಇವತ್ತು ನಿನಗೆ ಈ ವೇಷ ಎಂದು ಬಣ್ಣ ಹಚ್ಚುವ ಚೌಕಿಯಲ್ಲಿ ತಿಳಿದಾಗ ಆ ಹುಡುಗನಿಗೆ ಸಿಗುತ್ತಿದ್ದ ಮೆಚ್ಚುಗೆಯಲ್ಲಿ ಸುಳ್ಳಿಗೆ ಅವಕಾಶವಿರಲಿಲ್ಲ, ಏಕೆಂದರೆ ಹುಡುಗ ಸೋತರೆ ರಾತ್ರಿಯ ಆಟವೂ ಸೋಲುತ್ತದೆ. ಹೇಳಿದವರಿಗೂ ಏನಾದರೂ ಬೆಲೆ ತೆರಬೇಕಾಗುವ ಮೆಚ್ಚುಗೆಯನ್ನು ಜನ ಬೇಗ ನಂಬುತ್ತಾರೆ. ಲೆಕ್ಕಪತ್ರ ಚೆನ್ನಾಗಿ ಬರೆಯುವವರಿಗೆ ನೂರು ಸಲ ಭೇಷ್ ಎನ್ನುವುದಕ್ಕಿಂತ, ಬ್ಯಾಂಕಿಗೆ ಹೋಗಿ ಸಾಲದ ಬಗ್ಗೆ ಮ್ಯಾನೇಜರರೊಂದಿಗೆ ಮಾತಾಡುವ ಕೆಲಸವನ್ನು ಅವರಿಗೆ ವಹಿಸಿದರೆ ಅವರಿಗೆ ಹೆಚ್ಚು ತಿಳಿಯುತ್ತದೆ.

ನಂಬಿಕೆಯನ್ನು ಕೆಡಿಸುವ ರೂಢಿಗಳಲ್ಲಿ ಎರಡನ್ನು ನಾನು ಬಹಳ ಸಲ ಕಂಡಿದ್ದೇನೆ, ನಾನೂ ಮಾಡಿದ್ದೇನೆ. ಒಂದು, ಏನಾದರೂ ಕೇಳಬೇಕಾದಾಗ ಮಾತ್ರ ಹೊಗಳುವುದು. "ನಿಮ್ಮಷ್ಟು ಅಚ್ಚುಕಟ್ಟು ಯಾರಿಗೂ ಇಲ್ಲ" ಎಂಬ ಮಾತಿನ ಬೆನ್ನಿಗೇ "ಭಾನುವಾರದ ಕೆಲಸವನ್ನೂ ನೀವೇ ನೋಡಿಕೊಳ್ಳಬಹುದಲ್ಲ" ಎಂದು ಎರಡು ಸಲ ಹೇಳಿದರೆ, ಮೂರನೆಯ ಸಲ ಹೊಗಳಿದ ಕೂಡಲೇ ಕೇಳುವವರು ಎದ್ದು ಹೋಗಲು ಕಾರಣ ಹುಡುಕುತ್ತಾರೆ. ಇನ್ನೊಂದು, ತರಬೇತಿಗಳಲ್ಲಿ ಈಗಲೂ ಕಲಿಸುವ, ಎರಡು ಹೊಗಳಿಕೆಯ ನಡುವೆ ಒಂದು ಆಕ್ಷೇಪವನ್ನು ಹುದುಗಿಸುವ ಉಪಾಯ. ಬೆಲ್ಲದೊಳಗೆ ಗುಳಿಗೆ ಇಟ್ಟು ಕೊಟ್ಟರೆ ಮಗು ಮೊದಲ ಸಲ ನುಂಗುತ್ತದೆ, ಆಮೇಲೆ ಬೆಲ್ಲ ಕಂಡರೂ ಬಾಯಿ ಮುಚ್ಚುತ್ತದೆ. ತಪ್ಪನ್ನು ತಪ್ಪೆಂದು ಬೇರೆಯಾಗಿ ಹೇಳಿದರೆ ಮೆಚ್ಚುಗೆಯ ಮಾತೂ ತನ್ನ ಮರ್ಯಾದೆ ಉಳಿಸಿಕೊಳ್ಳುತ್ತದೆ.

ಮೊದಲಿಗೆ ಹೇಳಿದ ನನ್ನ ಅಭಿಪ್ರಾಯಕ್ಕೆ ಅಷ್ಟು ಸುಲಭವಾಗಿ ಹೊಂದದ ಪ್ರಯೋಗವೊಂದಿದೆ. ಆಡಂ ಗ್ರಾಂಟ್ ಮತ್ತು ಫ್ರಾಂಚೆಸ್ಕಾ ಜೀನೋ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕಾಗಿ ದೂರವಾಣಿಯಲ್ಲಿ ದೇಣಿಗೆ ಕೇಳುತ್ತಿದ್ದ 41 ಸಿಬ್ಬಂದಿಯಲ್ಲಿ ಅರ್ಧದಷ್ಟು ಮಂದಿಯ ಬಳಿ ವಿಭಾಗದ ನಿರ್ದೇಶಕಿ ತಾವೇ ಬಂದು, ನಿಮ್ಮ ಶ್ರಮಕ್ಕೆ ನಾವು ಕೃತಜ್ಞರು ಎಂಬರ್ಥದ ಎರಡು ವಾಕ್ಯ ಹೇಳಿ ಹೋದರು. ಅದರ ಮುಂದಿನ ವಾರ ಅವರ ಕರೆಗಳ ಸಂಖ್ಯೆ ಅರ್ಧಕ್ಕಿಂತಲೂ ಹೆಚ್ಚು ಏರಿತು. ಉಳಿದವರದು ಇದ್ದ ಹಾಗೆಯೇ ಇತ್ತು. ಆ ಎರಡು ವಾಕ್ಯದಲ್ಲಿ ನಿರ್ದಿಷ್ಟವಾದ ಯಾವ ವಿವರವೂ ಇರಲಿಲ್ಲ, ಹೆಚ್ಚುಕಡಿಮೆ ನಮ್ಮ ತೋಟದ ಯಜಮಾನರ ಮಾತಿನಂತೆಯೇ ಇತ್ತು. ಹಾಗಿದ್ದರೂ ಫಲಿಸಿದ್ದೇಕೆ? ಸಂಶೋಧಕರು ಕಂಡುಕೊಂಡ ಪ್ರಕಾರ, ಕೌಶಲದ ವಿಶ್ವಾಸ ಹೆಚ್ಚಿದ್ದು ಇದಕ್ಕೆ ಕಾರಣವಲ್ಲ, ತಮಗೂ ಒಂದು ಬೆಲೆಯಿದೆ ಎಂಬ ಭಾವನೆ. ಯಾರೂ ಬಾರದ ಕೋಣೆಗೆ ನಿರ್ದೇಶಕಿ ಬಂದದ್ದೇ ಅಲ್ಲಿ ಸುದ್ದಿ. ಆದರೆ ಅದೇ ವಾಕ್ಯವನ್ನು ಅವರು ಪ್ರತಿ ಸೋಮವಾರ ಹೇಳಿದ್ದರೆ ಏನಾಗುತ್ತಿತ್ತೆಂಬುದನ್ನು ನಮ್ಮ ಜಗಲಿಯಲ್ಲಿ ಕುಳಿತವರು ಊಹಿಸಬಲ್ಲರು.

ಎಲ್ಲರನ್ನೂ ಮೆಚ್ಚಬೇಕೇ, ಚೆನ್ನಾಗಿ ಮಾಡಿದವರನ್ನು ಮಾತ್ರವೇ ಎಂಬುದು ಅಯಲ್ಕೂಟದ ಅಧ್ಯಕ್ಷೆಯನ್ನು ನಿಜವಾಗಿ ಕಾಡುವ ಪ್ರಶ್ನೆ. ಒಬ್ಬಳನ್ನು ಹೊಗಳಿದರೆ ಉಳಿದವರು ಮುಖ ತಿರುಗಿಸುತ್ತಾರೆಂಬ ಭಯದಿಂದ ಹೆಚ್ಚಿನವರು "ಎಲ್ಲರೂ ಚೆನ್ನಾಗಿ ಮಾಡಿದ್ದೀರಿ" ಎಂದು ಮುಗಿಸುತ್ತಾರೆ. ಜರ್ಮನಿಯಲ್ಲಿ ಮುನ್ನೂರಕ್ಕಿಂತ ಹೆಚ್ಚು ತಾತ್ಕಾಲಿಕ ಕೆಲಸಗಾರರೊಂದಿಗೆ ನಡೆಸಿ 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎಂಟು ಮಂದಿಯ ಗುಂಪಿನಲ್ಲಿ ಎಲ್ಲರಿಗೂ ಧನ್ಯವಾದದ ಕಾರ್ಡು ಕೊಟ್ಟದ್ದಕ್ಕಿಂತ ಚೆನ್ನಾಗಿ ಮಾಡಿದ ಮೂವರಿಗೆ ಮಾತ್ರ ಕೊಟ್ಟಾಗ ಒಟ್ಟು ಕೆಲಸ ಹೆಚ್ಚು ಏರಿತು, ಮತ್ತು ಏರಿಸಿದವರು ಮುಖ್ಯವಾಗಿ ಕಾರ್ಡು ಸಿಗದ ಐವರು. ಇದನ್ನು ಓದಿ ನಾಳೆಯೇ ಮೂವರನ್ನು ಆರಿಸಲು ಹೊರಡುವುದು ಬೇಡ. ಅವರು ಕೆಲವೇ ಗಂಟೆ ಒಟ್ಟಿಗಿದ್ದವರು. ಒಂದೇ ಬಾವಿಯ ನೀರು ಸೇದುವ, ಒಂದೇ ಮದುವೆಗೆ ಹೋಗುವ ನೆರೆಹೊರೆಯವರಲ್ಲ. ನನ್ನ ಅಂದಾಜಿನಲ್ಲಿ ನಮ್ಮಂಥ ಊರಿನಲ್ಲಿ ವ್ಯಕ್ತಿಯನ್ನು ಸಭೆಯಲ್ಲಿ ಎತ್ತಿ ತೋರಿಸುವುದಕ್ಕಿಂತ ಕೆಲಸವನ್ನು ಸಭೆಯಲ್ಲಿ ಹೇಳಿ, ವ್ಯಕ್ತಿಗೆ ಹೇಳಬೇಕಾದದ್ದನ್ನು ದಾರಿಯಲ್ಲಿ ಸಿಕ್ಕಾಗ ಹೇಳುವುದು ಕ್ಷೇಮ. "ಆ ತಿರುವಿನ ಮೂರು ಮನೆಯವರು ಮೊದಲು ಗೇಟೇ ತೆಗೆಯುತ್ತಿರಲಿಲ್ಲ, ಈಗ ಹಾಲಿನ ತೊಟ್ಟೆ ತೊಳೆದು ಒಣಗಿಸಿ ಇಟ್ಟಿರುತ್ತಾರೆ" ಎಂದು ಹರಿತ ಕರ್ಮ ಸೇನೆಯ ಸಭೆಯಲ್ಲಿ ಹೇಳಿದರೆ ಆ ತಿರುವಿಗೆ ಹೋಗುವುದು ಯಾರೆಂದು ಎಲ್ಲರಿಗೂ ಗೊತ್ತೇ ಇರುತ್ತದೆ.

ಮೆಚ್ಚುಗೆಗೆ ಒಂದು ಗಡಿಯೂ ಇದೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ಕಾಸರಗೋಡು ಉಸಿರು ಬಿಗಿಹಿಡಿದು ಕುಳಿತಿದ್ದಾಗ, ಮನೆ ಮನೆಗೆ ಹೋಗಿ ಕ್ವಾರಂಟೈನಿನವರನ್ನು ವಿಚಾರಿಸಿದವರಲ್ಲಿ ಆಶಾ ಕಾರ್ಯಕರ್ತೆಯರು ಮುಂದಿದ್ದರು. ಭಾರತದ ಹತ್ತು ಲಕ್ಷಕ್ಕೂ ಮಿಕ್ಕಿದ ಆಶಾ ಕಾರ್ಯಕರ್ತೆಯರನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಫೆಬ್ರವರಿಯಲ್ಲಿ ಕೇರಳದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 7,000 ರೂಪಾಯಿಯ ಗೌರವಧನವನ್ನು 21,000ಕ್ಕೆ ಏರಿಸಬೇಕೆಂದು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಮುಷ್ಕರಕ್ಕೆ ಕುಳಿತರು. ಸಂಬಳವೆನ್ನದೆ ಗೌರವಧನವೆನ್ನುವ ಪದದಲ್ಲಿಯೇ ಹಣದ ಜಾಗಕ್ಕೆ ಗೌರವವನ್ನು ತಂದಿಡುವ ಜಾಣತನವಿದೆ. ಕೊಡಬೇಕಾದ ಕೂಲಿ ಬಾಕಿ ಇಟ್ಟುಕೊಂಡು ಹೇಳಿದ ಮೆಚ್ಚುಗೆ ಎಷ್ಟೇ ವಿವರವಾಗಿರಲಿ, ಕೇಳುವವರ ಕಿವಿಯಲ್ಲಿ ಅದು ಬಾಕಿಯ ನೆನಪಾಗಿಯೇ ಉಳಿಯುತ್ತದೆ.

ಕೊನೆಯದಾಗಿ ಭಾಷೆಯ ಸಂಗತಿ, ಇದು ನಮ್ಮ ಜಿಲ್ಲೆಯದೇ ತೊಡಕು. ಪಂಚಾಯತಿನ ಸಭೆ, ಸುತ್ತೋಲೆ, ತರಬೇತಿ ಹೆಚ್ಚಾಗಿ ಮಲಯಾಳದಲ್ಲಿ ನಡೆಯುತ್ತವೆ. ಕೆಲಸ ಮಾಡುವವರು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುತ್ತಾರೆ. ತಪ್ಪನ್ನು ಯಾವ ಭಾಷೆಯಲ್ಲಿ ಹೇಳಿದರೂ ಜನ ಹೇಗೋ ಅರ್ಥಮಾಡಿಕೊಳ್ಳುತ್ತಾರೆ, ಮೆಚ್ಚುಗೆಯ ವಿವರ ಮಾತ್ರ ಪರಭಾಷೆಯ ಸೋರುವ ಪಾತ್ರೆಯಲ್ಲಿ ನಿಲ್ಲುವುದಿಲ್ಲ. ವೇದಿಕೆಯ ಮೇಲಿನ ಮಲಯಾಳದ ಅಭಿನಂದನೆಗೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ ಹೆಂಗಸು, ಇಳಿದು ಬಂದವರು ತುಳುವಿನಲ್ಲಿ "ಎಡ್ಡೆ ಆಂಡ್" (ಒಳ್ಳೆಯದಾಯಿತು) ಎಂದೋ "ಲಾಯ್ಕ ಆಯ್ತು" ಎಂದೋ ಹೇಳಿ ಏನು ಲಾಯ್ಕ ಆಯ್ತೆಂದು ಎರಡು ಮಾತು ಸೇರಿಸಿದರೆ ನಿಂತು ಕೇಳುತ್ತಾಳೆ. ಆಗಲೂ ಅವಳ ಉತ್ತರ ಬಹುತೇಕ "ಎಂತದೂ ಇಲ್ಲ, ಎಲ್ಲರೂ ಮಾಡಿದ್ದು" ಎಂದೇ ಇರುತ್ತದೆ. ಅದನ್ನು ವಿನಯವೆಂದು ಹೊಗಳಲು ಹೋಗಬಾರದು, ಅಲ್ಲವೆಂದು ವಾದಿಸಲೂ ಬಾರದು. ಹೇಳಬೇಕಾದದ್ದು ತಲುಪಿರುತ್ತದೆ, ಮುಂದಿನ ಮನೆಯ ಗೋಣಿ ಎತ್ತುವ ಕೆಲಸಕ್ಕೆ ಇಬ್ಬರೂ ಹೊರಡಬಹುದು.